ರೈಲು 1864ರಲ್ಲೇ ಬಂತು, ಊರು ಬೆಳೆದದ್ದು 1998ರ ಆಚೆ: ವೈಟ್‌ಫೀಲ್ಡನ್ನು ಬೆಳೆಸಿದ್ದು ಯಾರು?

ಪರ್ಪಲ್ ಲೈನ್ ಪಯಣಿಗ:
ಆಫೀಸಲ್ಲಿ ಊಟದ ಹೊತ್ತಿಗೆ ಶುರುವಾದ ವಾದ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿ ತಂದು ಹಾಕ್ತಿದ್ದೀನಿ. ಜೊತೆಗೆ ಕೆಲಸ ಮಾಡೋರೊಬ್ಬರ ಪ್ರಕಾರ ಊರು ಬೆಳೆಯೋದು ರೈಲಿನ ಹಿಂದೆ. ಹಳಿ ಹಾಕಿ, ಸ್ಟೇಷನ್ ಕಟ್ಟಿದ್ರೆ ಸಾಕಂತೆ, ಹೊಲ ತಾನಾಗೇ ಸೈಟಾಗಿ, ಕೃಷಿಭೂಮಿಯಿಂದ ಓಡಾಡೋರ ಪಟ್ಟಣ ಆಗುತ್ತಂತೆ, ಅಂದ್ರೆ ಇಲ್ಲಿ ಮಲಗಿ ನಗರಕ್ಕೆ ಕೆಲಸಕ್ಕೆ ಹೋಗೋರ ಊರು.

ಹಾಗಿದ್ರೆ ಬೆಂಗಳೂರಿನ ಪೂರ್ವ ಅಂಚಿನ ವೈಟ್‌ಫೀಲ್ಡ್ ಕಥೆ ಏನು? ಬೆಂಗಳೂರು–ಜೋಲಾರಪೇಟೆ ಹಳಿ ಬಂದಿದ್ದು 1864ರಲ್ಲಿ, ಕಾಡುಗೋಡಿ ಪಕ್ಕದಲ್ಲೇ ಹೋಗುತ್ತೆ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ರು. ಸಂಘದ ಮುಂದಾಳು ಡಿ. ಎಸ್. ವೈಟ್, ಊರಿಗೆ ಅವರದೇ ಹೆಸರು. ಅಂದ್ರೆ ರೈಲೂ ಇತ್ತು, ಜಮೀನೂ ಇತ್ತು, ವೃತ್ತಾಕಾರದ ಚೆಂದದ ಲೇಔಟೂ ಇತ್ತು. ಆದ್ರೂ ನೂರಕ್ಕೂ ಹೆಚ್ಚು ವರ್ಷ ಅದು ಹಳ್ಳಿಯಾಗೇ ಉಳೀತು. ಐಟಿ ಕಂಪನಿಗಳ ದೊಡ್ಡ ಪಾರ್ಕು ಐಟಿಪಿಎಲ್ ಬಾಗಿಲು ತೆರೆದಿದ್ದು 1998ರಲ್ಲಿ. ಆಮೇಲೆ ನೋಡಿದ್ರೆ ರಾಗಿ ಹೊಲ ಹುಡುಕಿದ್ರೂ ಸಿಗಲ್ಲ.

ನನ್ನ ಲೆಕ್ಕದಲ್ಲಿ ಐಟಿಪಿಎಲ್ ಒಂದೇ ಕಾರಣ. ಒಪ್ಪದಿದ್ದವರು ಬೈಯಿರಿ.

ಹೂಡಿ ಹೈದ:
ಒಪ್ಪಲ್ಲ. ಬೈಯೋದು ರಾತ್ರಿ, ಈಗ ಮೀಟಿಂಗ್ ಇದೆ.

ಹಳಿ ಹುಚ್ಚ:
ರೈಲನ್ನ ಇಷ್ಟು ಬೇಗ ಆರೋಪಮುಕ್ತ ಮಾಡಬೇಡಿ ಪಯಣಿಗರೇ. ಹಳಿ ಬೇರೆ, ಲೋಕಲ್ ರೈಲು ಬೇರೆ. 1864ರ ಹಳಿ ಹಾಕಿದ್ದು ಮದ್ರಾಸಿನಿಂದ ದಂಡು ಪ್ರದೇಶಕ್ಕೆ ಜನ, ಸಾಮಾನು ತರೋಕೆ. ಕಾಡುಗೋಡಿಯಿಂದ ಬೆಳಿಗ್ಗೆ ಹತ್ತು ನಿಮಿಷಕ್ಕೊಂದು ಗಾಡಿ ಹಿಡಿದು ಊರೊಳಗೆ ಕೆಲಸಕ್ಕೆ ಹೋಗಿ, ಸಂಜೆ ಹಾಗೇ ವಾಪಸ್ ಬರೋ ವ್ಯವಸ್ಥೆ ಯಾವತ್ತೂ ಇರಲಿಲ್ಲ. ಮುಂಬೈ ಉಪನಗರಗಳು ಬೆಳೆದದ್ದು ಆ ಮೇಲಿಂದ ಮೇಲೆ ಬರೋ ಗಾಡಿಗಳಿಂದ. ಇಲ್ಲಿ ಎಕ್ಸ್‌ಪ್ರೆಸ್‌ಗಳು ಶಿಳ್ಳೆ ಹೊಡ್ಕೊಂಡು ಮುಂದೆ ಹೋಗ್ತಿದ್ವು.

ಇನ್ನೊಂದು ವಿಷಯ. ಸ್ಟೇಷನ್ ಹೆಸರು ವೈಟ್‌ಫೀಲ್ಡ್, ಇರೋದು ಕಾಡುಗೋಡಿಯಲ್ಲಿ. ಹಳೇ ವಸಾಹತಿನ ವೃತ್ತದಿಂದ ಅಲ್ಲಿಗೆ ಸುಮಾರು 3 ಕಿಲೋಮೀಟರ್. ಮೆಟ್ರೋದವರೂ ಕೊನೇ ಸ್ಟೇಷನ್ನಿಗೆ ಎರಡೂ ಹೆಸರು ಸೇರಿಸಿಯೇ ಬೋರ್ಡ್ ಹಾಕಿದ್ದಾರೆ.

ಇನ್ನರ್ ಸರ್ಕಲ್ ಅಜ್ಜಿ:
ಮಕ್ಕಳೇ, ವೈಟ್‌ಫೀಲ್ಡ್ ಶುರುವಿನಲ್ಲಿ ಓಡಾಡುವವರ ಊರಾಗಿ ಹುಟ್ಟಿದ್ದೇ ಅಲ್ಲ. ಸಂಘದವರ ಆಸೆ ಏನಿತ್ತೆಂದರೆ, ಆಂಗ್ಲೋ ಇಂಡಿಯನ್ ಕುಟುಂಬಗಳು ಇಲ್ಲಿ ಬೇಸಾಯ ಮಾಡಿಕೊಂಡು ಸ್ವಂತ ಕಾಲ ಮೇಲೆ ನಿಲ್ಲಲಿ ಅಂತ. ಸರ್ಕಾರಿ ನೌಕರಿಯನ್ನೇ ನಂಬಿ ಕೂರೋದು ಬೇಡ ಅಂತ. ನೇಗಿಲು ಹಿಡಿದು ಅಭ್ಯಾಸವಿಲ್ಲದವರಿಗೆ ಕೆಂಪು ಮಣ್ಣು, ಮಳೆ ನಂಬಿದ ಬೆಳೆ. ಹೇಗೆ ದಕ್ಕಬೇಕು ಹೇಳಿ? ನಾನು ನೋಡುವ ಕಾಲಕ್ಕೆ ಅದು ನಿವೃತ್ತರ ಊರಾಗಿತ್ತು. ಹಂಚಿನ ಮನೆ, ಸುತ್ತ ದೊಡ್ಡ ಕಾಂಪೌಂಡು, ಮಾವಿನ ಮರ, ನಡುವೆ 1886ರ ಮೆಮೋರಿಯಲ್ ಚರ್ಚು. ಸಂಜೆ ಏಳರ ಮೇಲೆ ರಸ್ತೆಯಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ.

ಹಾಗಾಗಿ "ಕೃಷಿಭೂಮಿಯಿಂದ ಪಟ್ಟಣ" ಅನ್ನುವಾಗ ಆ ವೃತ್ತದ ವಸಾಹತನ್ನು ಬಿಟ್ಟುಬಿಡಿ. ಅದು ಬೆಳೆಯಲೇ ಇಲ್ಲ. ಬೆಳೆದದ್ದು ಸುತ್ತಲಿನ ಹಳ್ಳಿಗಳು: ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ಕುಂದಲಹಳ್ಳಿ, ಚನ್ನಸಂದ್ರ. ಹೆಸರು ಮಾತ್ರ ವೈಟ್‌ಫೀಲ್ಡಿನದು.

ಬೈಟು ಕಾಫಿ:
ಅಜ್ಜಿ ಮಾತಿಗೆ ನೂರು ಮಾರ್ಕ್ಸ್. ವೇವರ್ಲಿ ಇನ್ ಹೋಟೆಲ್ ಬಗ್ಗೆನೂ ಹೇಳಿ ಅಜ್ಜಿ, ಚರ್ಚಿಲ್ ಅಲ್ಲಿಗೆ ಬರ್ತಿದ್ದ, ಇನ್ ಯಜಮಾನನ ಮಗಳ ಮೇಲೆ ಮನಸ್ಸಿತ್ತು ಅಂತ ಕೇಳಿದ್ದೀನಿ?

ಇನ್ನರ್ ಸರ್ಕಲ್ ಅಜ್ಜಿ:
ಆತ ಬೆಂಗಳೂರು ದಂಡಿನಲ್ಲಿ ಇದ್ದದ್ದು ನಿಜ, 1896ರಿಂದ. ಮಿಕ್ಕಿದ್ದು ಊರಿನವರು ಬಂದ ನೆಂಟರಿಗೆ ಹೇಳೋ ಕಥೆ. ನಾನೂ ಹೇಳಿದ್ದೇನೆ, ಕೇಳೋರ ಮುಖ ಅರಳುತ್ತೆ. ದಾಖಲೆ ತೋರಿಸಿ ಅಂದರೆ ನನ್ನ ಹತ್ತಿರ ಏನೂ ಇಲ್ಲ.

ಹಳಿ ಹುಚ್ಚ:
ಚರ್ಚಿಲ್ ಬಂದ ಮೇಲೆ ಯಾವ ಚರ್ಚೆ ದಾರಿ ಮೇಲೆ ಉಳಿದಿದೆ.

ಸರ್ವೆ ನಂಬರ್ ಸ್ವಾಮಿ:
ಐಟಿಪಿಎಲ್ ಒಂದೇ ಕಾರಣ ಅನ್ನೋದು ಅರ್ಧ ಮಾತು. ಅದು ಬಂದಿದ್ದು ಖಾಲಿ ಬಯಲಿಗಲ್ಲ. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೆಐಎಡಿಬಿ ಮೊದಲೇ ಕೈಗಾರಿಕೆಗೆ ಅಂತ ಜಮೀನು ಸ್ವಾಧೀನ ಮಾಡಿಟ್ಟಿತ್ತು, ರಫ್ತು ಉತ್ತೇಜನಾ ಕೈಗಾರಿಕಾ ಪಾರ್ಕು ಅಂತ. 1994ರಲ್ಲಿ ಟಾಟಾ, ಸಿಂಗಾಪುರದ ಕಂಪನಿಗಳ ಕೂಟ, ರಾಜ್ಯ ಸರ್ಕಾರ ಮೂರೂ ಸೇರಿ ಒಪ್ಪಂದವಾಯ್ತು. ತನ್ನದೇ ವಿದ್ಯುತ್ ಘಟಕ ಇಟ್ಟುಕೊಂಡು ಬಂತು. ಆಗಿನ ಬೆಂಗಳೂರಲ್ಲಿ ಕರೆಂಟು ಹೋಗದ ಕಟ್ಟಡ ಅಂದ್ರೆ ಸಣ್ಣ ಮಾತಲ್ಲ.

ಆದ್ರೆ ಕೆಲಸದ ಜಾಗ ಬಂದ ಮಾತ್ರಕ್ಕೆ ಊರು ಆಗಲ್ಲ ಸ್ವಾಮಿ. ಬಂದ ಜನ ಎಲ್ಲಿ ಮಲಗ್ಬೇಕು? ನಗರ ಯೋಜಕರು ಲೇಔಟ್ ಮಾಡಿ ಕೊಟ್ರಾ? ಇಲ್ಲ. ಕೊಟ್ಟಿದ್ದು ಹಳ್ಳಿಯ ರೈತ. ಅವನ ಹತ್ರ ಎರಡು ಎಕರೆ ಇತ್ತು. ಮಗಳ ಮದುವೆ, ಬ್ಯಾಂಕ್ ಸಾಲ, ಅಣ್ಣತಮ್ಮಂದಿರ ಭಾಗ. ಏಜೆಂಟು ಬಂದ, 30–40 ಅಳತೆಗೆ ಗೂಟ ಹೊಡೆದ, ಬಿಳಿ ಕಲ್ಲು ನೆಟ್ಟ. ಕೃಷಿ ಜಮೀನನ್ನ ಬೇರೆ ಉಪಯೋಗಕ್ಕೆ ತರಬೇಕಾದ್ರೆ 1964ರ ಭೂಕಂದಾಯ ಕಾಯ್ದೆ 95ನೇ ಕಲಂ ಪ್ರಕಾರ ಡಿಸಿ ಹತ್ರ ಪರಿವರ್ತನೆ ಆದೇಶ ತಗೋಬೇಕಿತ್ತು. ಅದಕ್ಕೆ ಕಾಯೋ ತಾಳ್ಮೆ ಯಾರಿಗಿತ್ತು? ಪಹಣಿಯಲ್ಲಿ ರಾಗಿ, ನೆಲದ ಮೇಲೆ ಮೂರಂತಸ್ತು.

ಜೊತೆಗೆ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಇತ್ತು. ಬೇಸಾಯಗಾರರಲ್ಲದವರು, ಬೇರೆ ಆದಾಯ ಮಿತಿ ಮೀರಿದವರು ಕೃಷಿ ಜಮೀನು ಕೊಳ್ಳೋ ಹಾಗಿರಲಿಲ್ಲ. 2020ರಲ್ಲಿ ಅದನ್ನ ತೆಗೆದ್ರು. ಅಲ್ಲಿವರೆಗೂ ವ್ಯವಹಾರ ಹೇಗೆ ನಡೀತು ಅಂದ್ರೆ, ಜಿಪಿಎ (ಅಧಿಕಾರ ಪತ್ರ), ಅಗ್ರಿಮೆಂಟು, ನಂಬಿಕೆ. ಬೇಲಿ ಹಾಕಿದ ಕಡೆಯೆಲ್ಲಾ ಕಾನೂನು ಇತ್ತು, ಗೇಟು ಮಾತ್ರ ತೆರೆದೇ ಇತ್ತು.

ಈಗ ರಸ್ತೆ ನೋಡಿ. ಇಮ್ಮಡಿಹಳ್ಳಿ ಕಡೆ ಯಾಕೆ ರಸ್ತೆ ಇದ್ದಕ್ಕಿದ್ದಂಗೆ ತೊಂಬತ್ತು ಡಿಗ್ರಿ ತಿರುಗುತ್ತೆ? ಅಲ್ಲೊಂದು ಬದು ಇತ್ತು, ಒಬ್ಬನ ಹೊಲ ಅಲ್ಲಿಗೆ ಮುಗೀತಿತ್ತು. ಒಂದೊಂದು ಸರ್ವೆ ನಂಬರಿನವರೂ ತಮ್ಮ ಪಾಡಿಗೆ ಲೇಔಟ್ ಮಾಡಿದ್ರು, ಪಕ್ಕದವನ ರಸ್ತೆಗೆ ಸೇರಿಸಬೇಕು ಅಂತ ಯಾರಿಗೂ ಅನಿಸಲಿಲ್ಲ. ಮುಖ್ಯ ರಸ್ತೆ ಅಂತ ಕರೀತೀವಲ್ಲ, ಎಷ್ಟೋ ಕಡೆ ಅದು ಹಳೇ ಬಂಡಿದಾರಿ. ಎರಡು ಎತ್ತಿನ ಗಾಡಿ ಎದುರುಬದುರಾದ್ರೆ ಒಂದು ಪಕ್ಕಕ್ಕೆ ಇಳೀಬೇಕಿದ್ದ ದಾರಿಯಲ್ಲಿ ಈಗ ವೋಲ್ವೋ.

ಹೊಲ ಕೊಟ್ಟವರ ಮಗ:
ಸ್ವಾಮಿಯವರೇ, ನೀವು ಹೇಳಿದ್ದು ಸರಿ, ಆದ್ರೆ ರೈತ ಏನೋ ಏಜೆಂಟಿನ ಬಲೆಗೆ ಬಿದ್ದ ಬಡಪಾಯಿ ಅನ್ನೋ ಹಾಗೆ ಬರೀಬೇಡಿ. ನಮ್ಮ ಅಪ್ಪ ತುಂಬಾ ಲೆಕ್ಕ ಹಾಕಿ ಮಾರಿದ್ರು.

ನಮ್ಮದು ಒಂದು ತುಂಡು ಸ್ವಾಧೀನಕ್ಕೆ ಹೋಯ್ತು. ನೋಟಿಸು ಬಂದಾಗ ಬೆಳೆ ನಿಂತಿತ್ತು. ಪರಿಹಾರದ ದುಡ್ಡು ಕೈಗೆ ಬರೋಷ್ಟರಲ್ಲಿ ಅದೇ ಜಾಗದ ಬೆಲೆ ಎಲ್ಲೋ ಹೋಗಿತ್ತು. ಅದನ್ನ ನೋಡಿದ ಮೇಲೆ ಅಪ್ಪ ಮಾಡಿದ ತೀರ್ಮಾನ: ಮುಂದಿನ ನೋಟಿಸು ಬರೋ ಮುಂಚೆ ನಾವೇ ಸೈಟು ಮಾಡಿ ಮಾರಿಬಿಡೋಣ. ಊರಲ್ಲಿ ಎಲ್ಲರೂ ಹಾಗೇ ಯೋಚನೆ ಮಾಡಿದ್ರು. ಅದಕ್ಕೇ ಅಷ್ಟು ಬೇಗ ಎಲ್ಲಾ ಸೈಟಾಗಿದ್ದು. ಐಟಿ ಜನರ ಆಸೆಯಷ್ಟೇ ಸ್ವಾಧೀನದ ಹೆದರಿಕೆನೂ ಕೆಲಸ ಮಾಡಿದೆ. ಇದನ್ನ ಯಾವ ಪೇಪರಿನವರೂ ಬರೆಯಲ್ಲ.

ಉಳಿದ ಜಾಗದಲ್ಲಿ ಒಂದೊಂದು ರೂಮಿನ ಮನೆಗಳನ್ನ ಕಟ್ಟಿದ್ದೀವಿ. ಅಮ್ಮ ಇವತ್ತಿಗೂ ಬಾಡಿಗೆ ದುಡ್ಡಿಗೆ "ಈ ಸಲದ ಬೆಳೆ" ಅಂತಾರೆ. ತಿಂಗಳಿಗೊಂದು ಬೆಳೆ, ಮಳೆಗೆ ಕಾಯೋ ಹಾಗಿಲ್ಲ, ಖಾಲಿಯಾದ ಮನೆಯೇ ಬರ.

ಹೂಡಿ ಹೈದ:
ಮೀಟಿಂಗ್ ಮುಗೀತು. ಬೈಯೋಕೆ ಬಂದೆ, ಆದ್ರೆ ಇವರು ನಾನು ಹೇಳಬೇಕಿದ್ದಿದ್ದನ್ನೆಲ್ಲಾ ಹೇಳಿಬಿಟ್ಟಿದ್ದಾರೆ. ನಮ್ಮ ತಾತನೂ ಹಂಗೇ ಮಾರಿದ್ದು. ಒಂದೇ ವ್ಯತ್ಯಾಸ, ದುಡ್ಡಲ್ಲಿ ಟಾಟಾ ಸುಮೋ ತಗೊಂಡ್ರು, ರೂಮು ಕಟ್ಟಲಿಲ್ಲ.

ಬೈಟು ಕಾಫಿ:
ಸುಮೋ ಈಗ ಎಲ್ಲಿದೆ?

ಹೂಡಿ ಹೈದ:
ಬೇಡ ಬಿಡಿ.

ಧಾರವಾಡ ಪೇಡೆ:
ನಾ ಇಲ್ಲಿ ಪಿಜಿ ಒಳಗ ಇರಾಂವ. ನನಗೊಂದು ಮಾತು ತಿಳೀವಲ್ದು. ನೀವೆಲ್ಲಾರೂ ಇದನ್ನ ಓಡಾಡೋರ ಊರು ಅಂತೀರಿ. ಓಡಾಡೋರ ಊರು ಅಂದ್ರ ರಾತ್ರಿ ಮಲಗಲಿಕ್ಕೆ ಇಲ್ಲಿ, ಹಗಲಿ ದುಡಿಲಿಕ್ಕೆ ಶಹರದಾಗ, ಹೌದಲ್ರಿ? ಇಲ್ಲಿ ಉಲ್ಟಾ ಐತಿ. ಮುಂಜಾನೆ ಮೆಟ್ರೋದಾಗ ನೋಡ್ರಿ, ಮೆಜೆಸ್ಟಿಕ್ ಕಡಿಂದ ಬರೋ ಗಾಡಿ ಕಾಲಿಡಲಿಕ್ಕೆ ಜಾಗ ಇರೂದಿಲ್ಲ. ಶಹರದಾವರು ದುಡಿಲಿಕ್ಕೆ ಹೊಲಕ್ಕ ಬಂದಂಗಾತು. ಮೊದಲು ಹಳ್ಳಿಯವ್ರು ಶಹರಕ್ಕ ಹೋಗ್ತಿದ್ರು, ಈಗ ಶಹರ ಹಳ್ಳಿಗೆ ಡ್ಯೂಟಿಗೆ ಬರ್ತೈತಿ.

ಹಂಗಾಗಿ ರೈಲಿನ ವಾದ, ಐಟಿಪಿಎಲ್ ವಾದ ಎರಡೂ ಒಂದೇ ಪ್ರಶ್ನೆಗೆ ಉತ್ತರ ಅಲ್ಲ ಅನಸ್ತದ. ರೈಲಿನಿಂದ ಬೆಳಿಯೋ ಊರು ಒಂದು ಜಾತಿ, ಕೆಲಸ ಬಂದು ಬೆಳಿಯೋ ಊರು ಇನ್ನೊಂದು ಜಾತಿ.

ಪರ್ಪಲ್ ಲೈನ್ ಪಯಣಿಗ:
ಪೇಡೆ ಅಣ್ಣಾ, ಪಾಯಿಂಟ್ ಬರೋಬ್ಬರಿ ಇದೆ. ಆದ್ರೆ ಎರಡೂ ಕಡೆ ಓಡಾಟ ಇದೆ. ನಮ್ಮ ಮನೆ ಕಾಡುಗೋಡಿ ಟ್ರೀ ಪಾರ್ಕ್ ಹತ್ರ, ನನ್ನ ಆಫೀಸು ಎಂ.ಜಿ. ರಸ್ತೆ ಕಡೆ. ಹೆಂಡತಿ ಆಫೀಸು ಎಲೆಕ್ಟ್ರಾನಿಕ್ ಸಿಟಿ. ಮನೆ ಇಲ್ಲಿ ಯಾಕೆ ತಗೊಂಡ್ವಿ ಅಂದ್ರೆ ಅವಳ ಹಿಂದಿನ ಕಂಪನಿ ಇಲ್ಲಿತ್ತು. ಕಂಪನಿ ಬದಲಾಗುತ್ತೆ, ಸಾಲ ಬದಲಾಗಲ್ಲ.

ಕೋಲಾರದ ಕುವರಿ:
ನೀವೆಲ್ಲಾ ಹುಡುಕ್ತಾ ಇರೋ ಊರು ಅದೇ ಹಳಿ ಮೇಲೆ ಇನ್ನೂ ಮುಂದಕ್ಕೆ ಇದೆ, ಯಾರೂ ನೋಡ್ತಿಲ್ಲ. ನಮ್ಮೂರು ಕೆಜಿಎಫ್. 2001ರಲ್ಲಿ ಚಿನ್ನದ ಗಣಿ ಮುಚ್ಚಿದ್ರು. ಗಣಿ ನಂಬಿದ ಇಡೀ ಊರು ಮಾರನೇ ದಿನದಿಂದ ಏನು ತಿನ್ನಬೇಕು? ರೈಲು ಹತ್ತಿತು. ಬೆಳಕು ಹರಿಯೋ ಮುಂಚೆ ಮಾರಿಕುಪ್ಪಂನಿಂದ ಹೊರಡೋ ಗಾಡಿ, ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್, ಕಂಟೋನ್ಮೆಂಟ್. ಸಾವಿರಾರು ಜನ ದಿನಾ ಹೋಗಿ ಬರ್ತಾರೆ. ಸೀಟು ಹಿಡಿಯೋಕೆ ಟವೆಲ್ ಹಾಕ್ತಾರೆ, ಆ ಟವೆಲಿಗೆ ಇರೋ ಮರ್ಯಾದೆ ಮನುಷ್ಯರಿಗಿಲ್ಲ. ಒಂದೇ ಬೋಗಿಯಲ್ಲಿ ತಮಿಳು, ತೆಲುಗು, ಕನ್ನಡ, ಇಸ್ಪೀಟು, ಭಜನೆ ಎಲ್ಲಾ ನಡೆಯುತ್ತೆ.

ವೈಟ್‌ಫೀಲ್ಡ್ ಸ್ಟೇಷನ್ನಲ್ಲಿ ಅರ್ಧ ಬೋಗಿ ಖಾಲಿಯಾಗುತ್ತೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಅಕೌಂಟ್ಸ್, ಸಾಫ್ಟ್‌ವೇರ್, ಎಲ್ಲಾ ತರದವರೂ ಇಳೀತಾರೆ. ವೈಟ್‌ಫೀಲ್ಡ್ ಬೆಳೆಸಿದವರ ಪಟ್ಟಿಯಲ್ಲಿ ಅವರನ್ನೂ ಸೇರಿಸಿ. ಅವರಿಗೆ ವೈಟ್‌ಫೀಲ್ಡಿನ ಬಾಡಿಗೆ ಕೊಡೋಕೆ ಆಗಲ್ಲ, ಅದಕ್ಕೇ ರೈಲು.

ಹಳಿ ಹುಚ್ಚ:
ಕುವರಿಯವರೇ, ಇದನ್ನೇ ನಾನು ಹೇಳೋಕೆ ಒದ್ದಾಡ್ತಿದ್ದೆ. ಅದೇ ಹಳಿ, ಅದೇ ದಿಕ್ಕು, ಆದ್ರೆ ಜನ ನಿಜವಾಗ್ಲೂ ಹತ್ತೋ ಹೊತ್ತಿಗೆ ಗಾಡಿ ಇದ್ರೆ ಊರು ರೈಲನ್ನ ಹಿಡ್ಕೊಳ್ಳುತ್ತೆ. ಉಪನಗರ ರೈಲು ಯೋಜನೆಗೆ 2020ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟು 2022ರಲ್ಲಿ ಅಡಿಗಲ್ಲು ಹಾಕಿದ್ರು. ಅದರಲ್ಲಿ ಕೆಂಗೇರಿ–ವೈಟ್‌ಫೀಲ್ಡ್ ಮಾರ್ಗಕ್ಕೆ ಪಾರಿಜಾತ ಅಂತ ಹೆಸರು. ಹೂವಿನ ಹೆಸರು ಇಟ್ಟಷ್ಟು ಬೇಗ ಹಳಿ ಬಿದ್ದಿದ್ರೆ ಚೆನ್ನಾಗಿತ್ತು.

ಟ್ಯಾಂಕರ್ ರಾಜ:
ಎಲ್ಲಾ ಸರಿ, ನೀರಿನ ಮಾತು ಯಾರೂ ಎತ್ತಲಿಲ್ಲ. ಹೊಲ ಇದ್ದಾಗ ಕೆರೆ ಇತ್ತು. ವರ್ತೂರು ಕೆರೆ ಕೆಳಗೆ ಭತ್ತ, ಸೊಪ್ಪು ತರಕಾರಿ ಬೆಳೀತಿದ್ರು. ಮೇಲಿನ ಬೆಳ್ಳಂದೂರು ಕೆರೆ ತುಂಬಿದ್ರೆ ಕೋಡಿ ಹರಿದು ಇಲ್ಲಿಗೆ ಬರೋದು, ಇಲ್ಲಿಂದ ದಕ್ಷಿಣ ಪಿನಾಕಿನಿಗೆ. ಊರು ಬೆಳೆದಂಗೆ ಅದೇ ದಾರಿಯಲ್ಲಿ ಕೊಳಚೆ ಬಂತು. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಬಿತ್ತು, ವರ್ತೂರು ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದು ಬೈಕಿನವರ ಮುಖಕ್ಕೆ ಬಡೀತಿತ್ತು.

2007ರಲ್ಲಿ ಬಿಬಿಎಂಪಿ ಮಾಡಿದ್ರು. ಮಹದೇವಪುರ, ಕೆ.ಆರ್. ಪುರ ಸೇರಿ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿ ಒಂದೇ ಏಟಿಗೆ ಬೆಂಗಳೂರಾದ್ವು. ತೆರಿಗೆ ಮೊದಲು ಬಂತು, ಪೈಪು ಆಮೇಲೆ. ಆ 110 ಹಳ್ಳಿಗೆ ಅಂತ ಮಾಡಿದ ಕಾವೇರಿ 5ನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ, ದಿನಕ್ಕೆ 775 ದಶಲಕ್ಷ ಲೀಟರ್ ಲೆಕ್ಕ. ನಡುವಿನ ಹದಿನೇಳು ವರ್ಷ ಈ ಊರಿಗೆ ನೀರು ಕೊಟ್ಟಿದ್ದು ಬೋರ್‌ವೆಲ್ಲು ಮತ್ತೆ ನಮ್ಮಂಥ ಟ್ಯಾಂಕರಿನವರು. ಬೈಸ್ಕೊಂಡಿದ್ದೂ ನಾವೇ.

ಬೈಟು ಕಾಫಿ:
ಬೇಸಿಗೆಯಲ್ಲಿ ರೇಟು ಏರಿಸೋರನ್ನ ಬೈಯದೆ ಮುದ್ದು ಮಾಡ್ತಾರಾ ರಾಜಣ್ಣಾ?

ಟ್ಯಾಂಕರ್ ರಾಜ:
ಬೋರು ಸಾವಿರ ಅಡಿ ದಾಟಿದ್ರೂ ಧೂಳು ಬರುತ್ತೆ. ಡೀಸೆಲ್ಲು ನಿಮ್ಮಪ್ಪ ಹಾಕಿಸ್ತಾರಾ?

ಮೇಲ್ವಿಚಾರಕ:
ಅಪ್ಪಂದಿರನ್ನ ಬಿಟ್ಟು ಮಾತಾಡಿ. ವಿಷಯ ವೈಟ್‌ಫೀಲ್ಡ್.

ಮಂಗ್ಳೂರ್ ಮೀನಾ:
ಒಂದು ಸಣ್ಣ ಸೇರ್ಪಡೆ ಮಾರಾಯ್ರೆ. ಐಟಿಪಿಎಲ್‌ಗೆ ಮೊದಲೇ ಇಲ್ಲಿಗೆ ಜನ ಬರುವ ಹಾಗೆ ಮಾಡಿದ್ದು ಸತ್ಯ ಸಾಯಿಬಾಬಾರ ಬೃಂದಾವನ ಆಶ್ರಮ ಅಲ್ವಾ? ಕಾಡುಗೋಡಿಗೆ ದೇಶವಿದೇಶದ ಭಕ್ತರು ಬರ್ತಿದ್ದರು, ಅವರಿಗೆ ಉಳಿಯಲಿಕ್ಕೆ ರೂಮು, ಹೋಟೆಲು ಎಲ್ಲ ಆದದ್ದು ಹಾಗೆಯೇ. 2001ರಲ್ಲಿ ಅವರ ದೊಡ್ಡ ಆಸ್ಪತ್ರೆ ಬಂತು, ಅಲ್ಲಿ ರೋಗಿಗಳಿಗೆ ಬಿಲ್ಲೇ ಇಲ್ಲ. ನಮ್ಮ ಸಂಬಂಧಿಕರೊಬ್ಬರ ಹೃದಯದ ಆಪರೇಷನ್ ಅಲ್ಲೇ ಆದದ್ದು. ಆಗ ಆ ದಾರಿಯಲ್ಲಿ ಆಚೀಚೆ ಎಲ್ಲ ಬರೀ ಬಯಲು.

ಇನ್ನರ್ ಸರ್ಕಲ್ ಅಜ್ಜಿ:
ಮೀನಾ ಹೇಳಿದ್ದು ಸರಿ. ಬಾಬಾ ಇರುವ ದಿನ ಕಾಡುಗೋಡಿ ಜಾತ್ರೆ, ಇಲ್ಲದ ದಿನ ಮತ್ತೆ ಹಳ್ಳಿ. ಆದರೆ ಭಕ್ತರು ಬಂದು ಹೋಗುವವರು. ಅವರಿಂದ ಹೊಲ ಹೋಗಲಿಲ್ಲ.

ಸರ್ವೆ ನಂಬರ್ ಸ್ವಾಮಿ:
ಅಜ್ಜಿ ಹೇಳಿದ ಆ ಕೊನೇ ಮಾತು ಮುಖ್ಯ. ಹೊಲ ಯಾವಾಗ ಹೋಗುತ್ತೆ? ಜನ ಬಂದಾಗ ಅಲ್ಲ. ಒಂದು ಎಕರೆಯಲ್ಲಿ ರಾಗಿ ಬೆಳೆದು ಬರೋ ಆದಾಯಕ್ಕೂ ಅದೇ ಎಕರೆಯನ್ನ ತುಂಡು ಮಾಡಿ ಮಾರಿದ್ರೆ ಬರೋದಕ್ಕೂ ಹೋಲಿಕೆಯೇ ಇಲ್ಲದ ದಿನ ಹೋಗುತ್ತೆ. 1864ರಲ್ಲಿ, 1882ರಲ್ಲಿ, ಭಕ್ತರ ಕಾಲದಲ್ಲೂ ಆ ದಿನ ಬಂದಿರಲಿಲ್ಲ. ಸಂಬಳದ ಕೆಲಸ ಹೊಲದ ಪಕ್ಕಕ್ಕೇ ಬಂದಾಗ ಬಂತು. ಅಷ್ಟು ಮಟ್ಟಿಗೆ ಪಯಣಿಗರ ಮಾತು ಒಪ್ಪೋಣ. ಆದ್ರೆ ಊರಿಗೆ ಈ ಆಕಾರ ಕೊಟ್ಟಿದ್ದು ಬದುಗಳು, ಭಾಗಪತ್ರಗಳು.

ಧಾರವಾಡ ಪೇಡೆ:
ಮತ್ತ ಮೆಟ್ರೋ? ಅದು ಏನೂ ಮಾಡಲಿಲ್ಲೇನ್ರಿ?

ಪರ್ಪಲ್ ಲೈನ್ ಪಯಣಿಗ:
ಮೆಟ್ರೋ ಊರು ಕಟ್ಟಲಿಲ್ಲ, ಕಟ್ಟಿದ ಊರಿಗೆ ಉಸಿರಾಡೋಕೆ ಬಂತು. 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮಾತ್ರ ಬಿಟ್ರು. ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಎರಡೇ ಕಿಲೋಮೀಟರ್ ತುಂಡು ಬಾಕಿ. ಮೆಟ್ರೋ ಇಳಿದು, ಬಸ್ ಹತ್ತಿ, ಮತ್ತೆ ಮೆಟ್ರೋ. ಅಕ್ಟೋಬರಿನಲ್ಲಿ ಆ ತುಂಡು ಸೇರಿದ ಮೇಲೆ ಆಚೆ ತುದಿ ಚಲ್ಲಘಟ್ಟದವರೆಗೂ ಒಂದೇ ಗಾಡಿ. ಈಗ ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ ಅಂತ ದಿನಾ ಅನೌನ್ಸ್ ಮಾಡ್ತಾರಲ್ಲ, ನನ್ನ ಜೊತೆ ಕೆಲಸ ಮಾಡೋ ಎಷ್ಟೋ ಜನಕ್ಕೆ ಆ ಹಳ್ಳಿಗಳು ಇದ್ವು ಅನ್ನೋದೇ ಹಾಗೆ ಗೊತ್ತಾಗಿದ್ದು.

ಹೊಲ ಕೊಟ್ಟವರ ಮಗ:
ಇದ್ವು ಅಂತ ಯಾಕೆ ಹೇಳ್ತೀರಿ, ನಾವು ಇನ್ನೂ ಇಲ್ಲೇ ಇದ್ದೀವಿ. ಊರಹಬ್ಬಕ್ಕೆ ರಸ್ತೆ ಬಂದ್ ಮಾಡಿದಾಗ ಅಪಾರ್ಟ್‌ಮೆಂಟಿನವರು ಟ್ವಿಟರಲ್ಲಿ ದೂರು ಕೊಡ್ತಾರಲ್ಲ, ಅದು ನಾವೇ.

ಪರ್ಪಲ್ ಲೈನ್ ಪಯಣಿಗ:
ಸರಿ ಸರಿ, ಇದ್ದಾವೆ. ಹಳೇ ಹೊಲದ ಗಡಿ, ಬಂಡಿದಾರಿ ಎಲ್ಲಾ ತೋರಿಸೋ ನಕ್ಷೆ ಎಲ್ಲಾದ್ರೂ ಸಿಗುತ್ತಾ?

ಸರ್ವೆ ನಂಬರ್ ಸ್ವಾಮಿ:
ಗ್ರಾಮ ನಕ್ಷೆ ನೋಡಿ. ಕಂದಾಯ ಇಲಾಖೆ ಜಾಲತಾಣದಲ್ಲೇ ಹಳ್ಳಿವಾರು ಸಿಗುತ್ತೆ. ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಬೇಕು. ಸರ್ವೆ ನಂಬರು, ಕೆರೆ, ಹಳ್ಳ, ದಾರಿ ಎಲ್ಲಾ ಗುರುತಿದೆ. ಅದನ್ನ ಉಪಗ್ರಹ ಚಿತ್ರದ ಪಕ್ಕ ಇಟ್ಟು ನೋಡಿ. ರಾಜಕಾಲುವೆ ಮೇಲೆ ಯಾವ ಯಾವ ಕಟ್ಟಡ ಕೂತಿದೆ ಅನ್ನೋದೂ ಕಾಣುತ್ತೆ, ಆದ್ರೆ ಅದನ್ನ ಇಲ್ಲಿ ಹಾಕಬೇಡಿ, ಚರ್ಚೆ ಮುಚ್ಚಿಸ್ತಾರೆ.

ಕೋಲಾರದ ಕುವರಿ:
ಮಾಲೂರು, ಹೊಸಕೋಟೆ ಕಡೆಯವರು ಈಗಲೇ ಆ ನಕ್ಷೆ ಇಳಿಸಿಕೊಂಡು ಇಟ್ಕೊಳ್ಳಿ. ಅಲ್ಲೂ ಬಿಳಿ ಕಲ್ಲು ನೆಡೋಕೆ ಶುರುವಾಗಿದೆ.

ಹೊಸಬ 2024:
ನಮಸ್ಕಾರ ಎಲ್ಲರಿಗೂ, ತುಂಬಾ ಒಳ್ಳೇ ಮಾಹಿತಿ. ಚನ್ನಸಂದ್ರ ಹತ್ರ ಒಂದು 30–40 ಸೈಟು ನೋಡಿದ್ದೀನಿ, ಬಿ ಖಾತಾ (ಪೂರ್ತಿ ಸಕ್ರಮ ಅಲ್ಲದ್ದು), ಏಜೆಂಟು ಮೂರು ತಿಂಗಳಲ್ಲಿ ಎ ಖಾತಾ ಮಾಡಿಸಿಕೊಡ್ತೀನಿ ಅಂತಿದ್ದಾನೆ. ತಗೋಬಹುದಾ?

ಸರ್ವೆ ನಂಬರ್ ಸ್ವಾಮಿ:
ಅಯ್ಯೋ ದೇವರೇ. ಮೇಲಿಂದ ಇನ್ನೊಂದ್ಸಲ ಓದಪ್ಪಾ.

ಮೇಲ್ವಿಚಾರಕ:
ಖಾತಾ ಪ್ರಶ್ನೆಗಳಿಗೆ ಬೇರೆ ಚರ್ಚೆ ಇದೆ, ಅಲ್ಲಿ ಕೇಳಿ. ಅಡ್ವಾನ್ಸ್ ಕೊಡೋ ಮುಂಚೆ ಕೇಳಿ.